ನೀರುಬಸ್ಸಿಗೆ ನಾನು ಬರೆದ ಬೋರ್ಡು

ಮೊನ್ನೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದೆ. ಹಿಂದಿನ ಬಾಗಿಲಿಗೆ ಆಗತಾನೇ ಬಣ್ಣ ಬಳಿದಿದ್ದರು. ಕೆಂಪಕ್ಷರದಲ್ಲಿ ಬರೆದಿದ್ದ ‘ತುರ್ತು ನಿರ್ಗಮನ’ ಇನ್ನೂ ಹಸಿಯಾಗಿಯೇ ಇತ್ತು. ಯಾರೋ ಪುಣ್ಯಾತ್ಮರು ಅದಕ್ಕೆ ಒರಗಿ ಕೂತು, ಅರ್ಧ ಅಕ್ಷರವನ್ನು ಅಂಗಿಯ ಬೆನ್ನಿಗೆ ಅಂಟಿಸಿಕೊಂಡು ಇಳಿದು ಹೋಗಿದ್ದರು. ಎನಾಮಲ್ ಬಣ್ಣದ ವಾಸನೆ ಬಸ್ಸೆಲ್ಲ ತುಂಬಿತ್ತು. ಉಳಿದವರು ಸೆರಗು, ಟವೆಲ್ಲುಗಳನ್ನು ಮೂಗಿಗೆ ಹಿಡಿದರು. ಆ ವಾಸನೆಗೂ ನನಗೂ ಒಂದು ಹಳೆಯ ನಂಟಿದೆ. ಹೇಳುತ್ತೇನೆ, ಕೂತುಕೊಳ್ಳಿ. ಕಥೆಯಲ್ಲಿ ಮಳವಳ್ಳಿ ಬರಲು ಇನ್ನೂ ಹೊತ್ತಿದೆ.

ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು, ಕೊನೆಗೆ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಕನ್ನಡ ಮೇಷ್ಟ್ರೆಂದರೆ ಊರಿನ ಅಕ್ಷರಗಳಿಗೆಲ್ಲ ಪುಕ್ಕಟೆ ಗುತ್ತಿಗೆದಾರ. ಮದುವೆಯ ಕರೆಯೋಲೆ, ಬೀಳ್ಕೊಡುಗೆಯ ಬಿನ್ನವತ್ತಳೆ, ಕಾಂಪೌಂಡು ಗೋಡೆಯ ಎಚ್ಚರಿಕೆ, ಎಲ್ಲಕ್ಕೂ ನನ್ನ ಮನೆಗೇ ಬರುತ್ತಿದ್ದರು. ನನಗೂ ಚಪಲವೇ. ‘ಇಲ್ಲಿ ಗಲೀಜು ಮಾಡಬೇಡಿ’ ಎಂದರೆ ಮುಗಿಯುವ ಕಡೆ ‘ಮೂತ್ರ ವಿಸರ್ಜನೆಯನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ’ ಎಂದು ಬರೆಸಿದ್ದೆ. ಜನ ನಿಂತು, ನಿಧಾನವಾಗಿ ಓದುತ್ತಾ, ಅಲ್ಲೇ ಕೆಲಸ ಮುಗಿಸಿ ಹೋಗುತ್ತಿದ್ದರು. ಆಗಲೇ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ನನ್ನ ಹಳೆಯ ಶಿಷ್ಯ ಪುಟ್ಟಸ್ವಾಮಿ ಮಳವಳ್ಳಿಯ ಆಚೆ ಒಂದು ಕೆರೆಯ ದಂಡೆಯಲ್ಲಿ ಪ್ರವಾಸಿಗರಿಗಾಗಿ ನಾಲ್ಕು ಕೊಠಡಿ, ಒಂದು ಹೋಟೆಲು ಕಟ್ಟಿಸಿದ್ದ. ಮುತ್ತತ್ತಿಗೆ ಹೋಗಿ ಬರುವ ಜನ ಅಲ್ಲೂ ನಿಲ್ಲಲಿ ಎಂದು ಎಲ್ಲಿಂದಲೋ ಒಂದು ಹಳೆಯ ವಾಹನ ತಂದ. ರಸ್ತೆಯ ಮೇಲೆ ಬಸ್ಸು, ನೀರಿಗಿಳಿದರೆ ದೋಣಿ. ಚಕ್ರದ ಸಮೇತ ಕೆರೆಗೆ ನುಗ್ಗಿ, ಒಂದು ಸುತ್ತು ತೇಲಿ, ಮತ್ತೆ ಏರಿ ಹತ್ತಿ ಬರುತ್ತಿತ್ತು. ಜನ ಅದನ್ನು ನೀರುಬಸ್ಸು ಎಂದರು. ಅದಕ್ಕೆ ಹೊಸ ಸೀಟು, ಬಿಸಿಲಿಗೆ ಮೇಲ್ಛಾವಣಿ, ಪಕ್ಕಕ್ಕೆ ಟಾರ್ಪಾಲಿನ ಪರದೆ ಕೂರಿಸುವ ಕೆಲಸ ಹನಕೆರೆ ಹತ್ತಿರ ಶೆಡ್ಡು ಇಟ್ಟಿದ್ದ ದಸ್ತಗೀರ್ ಸಾಬರಿಗೆ ಬಂತು. ಒಳಗೆ ಹಾಕುವ ಸೂಚನೆಯ ಬೋರ್ಡು ನನಗೆ ಬಂತು.

ದಸ್ತಗೀರ್ ಸಾಬರನ್ನು ನೀವು ನೋಡಬೇಕಿತ್ತು. ನರಪೇತಲ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಬಸ್ಸಿನ ಬಾಡಿ ಕಟ್ಟುವುದರಲ್ಲಿ ಈ ಕಡೆ ಅವರನ್ನು ಮೀರಿಸುವವರಿರಲಿಲ್ಲ. ಅವರಿಗೊಂದು ವಿಚಿತ್ರ ಅಭ್ಯಾಸ. ಎಲ್ಲಿಗೇ ಹೋಗಲಿ, ಮದುವೆಯ ಛತ್ರವೇ ಆಗಲಿ, ಸಿನಿಮಾ ಟಾಕೀಸೇ ಆಗಲಿ, ಮೊದಲು ಹೊರಬಾಗಿಲನ್ನು ಕೈಯಲ್ಲಿ ಮುಟ್ಟಿ, ಅಲ್ಲಿಂದ ತಾವು ಕೂರುವ ಜಾಗದವರೆಗೆ ಕುರ್ಚಿಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಾ ಬರುತ್ತಿದ್ದರು. ನನ್ನ ಮಗಳ ಮದುವೆಯಲ್ಲೂ ಹಾಗೇ ಮಾಡಿದರು. ಬೀಗರು ‘ಯಾರಿದು, ಶಾಮಿಯಾನದವನಾ?’ ಎಂದು ಕೇಳಿ ನನ್ನ ಮುಖ ಸಣ್ಣದಾಗಿತ್ತು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ಬಹಳ ಹಿಂದೆ ನಾಲೆಗೆ ಬಿದ್ದ ಒಂದು ವ್ಯಾನನ್ನು ರಿಪೇರಿಗೆಂದು ಅವರ ಶೆಡ್ಡಿಗೆ ಎಳೆದು ತಂದಿದ್ದರಂತೆ.

“ಒಳ್ಗೆಲ್ಲ ಕೆಸರು ಮೆತ್ಕೊಂಡಿತ್ತು ಮೇಷ್ಟ್ರೇ. ಮೇಲ್ಗಡೆ ಟಾಪಿನ ತುಂಬಾ ಕೈ ಗುರುತು. ದೊಡ್ ಕೈ, ಸಣ್ ಕೈ. ಬಾಗ್ಲತ್ರ ಒಂದೂ ಇರ್ಲಿಲ್ಲ. ಬಾಗ್ಲು ಚೆನ್ನಾಗೇ ಇತ್ತು, ನಾನೇ ತೆಗ್ದು ನೋಡ್ದೆ. ಎಲ್ಲದೆ ಅಂತ್ಲೇ ಯಾರ್ಗೂ ಗೊತ್ತಾಗಿಲ್ಲ. ನೀರೊಳ್ಗೆ ಕಣ್ಣು ಕಾಣಲ್ಲ ಕಣ್ರೀ. ಕೈಗೆ ಗೊತ್ತಿರ್ಬೇಕು.”

ನಾನು ‘ಪಾಪ’ ಎಂದೆ. ಕಾಫಿ ಕುಡಿದೆವು. ಅಲ್ಲಿಗೆ ಮರೆತೆ.

ಬೋರ್ಡಿನ ವಿಷಯ ಬಂದಾಗ ಸಾಬರು ಒಂದು ಸಿಗರೇಟು ಪ್ಯಾಕಿನ ಹಿಂದೆ ತಮಗೆ ತೋಚಿದ್ದನ್ನು ಪೆನ್ಸಿಲ್ಲಿನಲ್ಲಿ ಗೀಚಿ ಕೊಟ್ಟರು. ‘ಮುಳುಗಿದ್ರೆ ಕೂತಿರಬೇಡಿ. ಪರದೆ ಗಂಟು ಎಳೀರಿ. ಕಿಟಕೀಲಿ ಆಚೆಗೆ ಬನ್ನಿ.’ ಅಷ್ಟೇ ಇದ್ದದ್ದು. ನನಗೆ ನಗು ಬಂತು. ಇದೇನು ಬೋರ್ಡೋ, ಬೈಗುಳವೋ ಎಂದು ಪಕ್ಕಕ್ಕಿಟ್ಟೆ. ಪುಟ್ಟಸ್ವಾಮಿಯಂತೂ ಮೊದಲನೇ ಪದ ಓದಿದ್ದೇ ಎರಡೂ ಕಿವಿ ಮುಚ್ಚಿಕೊಂಡ.

“ಬುಡ್ತು ಅನ್ನಿ ಸಾರ್, ಮೊದ್ಲು ಬುಡ್ತು ಅನ್ನಿ! ಪೂಜೆ ಆಗದ ಹೊಸ ಗಾಡಿ. ಮುಳ್ಗದು ಗಿಳ್ಗದು ಅಂತ ಬರೆಸ್ಬುಟ್ರೆ ಯಾವನ್ ಸಾರ್ ಹತ್ತಾನು? ಏನಾರಾ ಚೆನ್ನಾಗಿರದು ಬರ್ಕೊಡಿ.”

ನಾನು ಸಾಬರ ಪರವಾಗಿಯೂ ಸೇರಿಸಿ “ಬಿಡ್ತು” ಎಂದೆ.

ನಮ್ಮ ಜನ ಹೀಗೆಯೇ ಅಲ್ಲವೇ, ನೀವೇ ಹೇಳಿ. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಹೊರಟು ನಿಂತವರು ಹೋಗ್ತೀನಿ ಅನ್ನಬಾರದು, ಬತ್ತೀನಿ ಅನ್ನಬೇಕು. ನನ್ನ ತಂದೆ ‘ನಾನು ಸತ್ತ ಮೇಲೆ’ ಎಂದು ಬಾಯಿ ತೆರೆದರೆ ಸಾಕು, ಅಡಿಗೆಮನೆಯಿಂದ ಅಮ್ಮನ ‘ಬುಡ್ತು ಅನ್ನಿ’ ಬಂದು ಬೀಳುತ್ತಿತ್ತು. ಹಾಗಾಗಿ ತಾವು ಸತ್ತ ಮೇಲೆ ನಾವೇನು ಮಾಡಬೇಕೆಂದು ಅವರಿಗೆ ಹೇಳುವುದಕ್ಕೇ ಆಗಲಿಲ್ಲ. ಇದೆಲ್ಲ ಪ್ರೀತಿಯ ಮಾತೇ. ನನಗೆ ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಪ್ರೀತಿಯಿಂದ ಮುಚ್ಚಿಟ್ಟ ಮಾತು ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ನಾನು ಬರೆದದ್ದು ಇದು: ‘ಪ್ರಯಾಣಿಕರು ಯಾವುದೇ ಸಂದರ್ಭದಲ್ಲಿ ಧೃತಿಗೆಡದೆ, ಸಿಬ್ಬಂದಿಯಿಂದ ಸೂಚನೆ ಬರುವವರೆಗೂ ತಮ್ಮ ಆಸನಗಳಲ್ಲಿಯೇ ಆಸೀನರಾಗಿರತಕ್ಕದ್ದು.’ ನೀಲಿ ಹಲಗೆಯ ಮೇಲೆ ಬಿಳಿ ಎನಾಮಲ್ಲಿನಲ್ಲಿ ನಾನೇ ಕೈಯಾರೆ ಬರೆದೆ. ‘ಆಸೀನರಾಗಿ’ ಎಂಬಲ್ಲಿ ದೀರ್ಘ ಎಷ್ಟು ಚೆನ್ನಾಗಿ ಬಂತು ಎಂದು ದೂರ ನಿಂತು ನೋಡಿ ಖುಷಿಪಟ್ಟೆ. ಸಾಬರು ಓದಿ, ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡರು.

“ಸೂಚನೆ ಕೊಡೋನೇ ಮೊದ್ಲು ಮುಳುಗೋದ್ರೆ ಏನ್ ಮಾಡದು ಮೇಷ್ಟ್ರೇ?”

“ಬಿಡ್ತು ಅನ್ನಿ ಸಾಬ್ರೇ,” ಎಂದೆ.

ಬೋರ್ಡು ಕೊಡಲು ಹೋದ ದಿನ ನನ್ನ ಹೆಂಡತಿ ಸಾವಿತ್ರಿಯೂ ಶೆಡ್ಡಿಗೆ ಬಂದಿದ್ದಳು. ಸಾಬರು ನೀರುಬಸ್ಸನ್ನು ಒಣ ನೆಲದ ಮೇಲೆ ನಿಲ್ಲಿಸಿ, ಪರದೆ ಇಳಿಬಿಟ್ಟು, ನಮ್ಮಿಬ್ಬರನ್ನೂ ಒಳಗೆ ಕೂರಿಸಿದರು. “ಕಣ್ ಮುಚ್ಕಳಿ ಅಕ್ಕಾರೇ. ಈಗ ಆಚೆಗೆ ಬನ್ನಿ.” ಪರದೆಗೆ ಅವರು ಹಾಕಿದ್ದದ್ದು ಜಾರುಗಂಟು, ತುದಿ ಎಳೆದರೆ ಪರದೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಸಾವಿತ್ರಿ ತಡಕಾಡಿ, ಗಂಟು ಹುಡುಕಿ, ಸೀರೆ ಎತ್ತಿ ಕಟ್ಟಿ, ಕಿಟಕಿಯಿಂದ ದೊಪ್ಪನೆ ಆಚೆ ಹಾರಿದಳು. ಅರವತ್ತರ ಹೆಂಗಸು ಚಿಕ್ಕ ಹುಡುಗಿಯ ಹಾಗೆ ನಕ್ಕಳು. “ಇನ್ನೊಂದ್ ಸಲ ಅಕ್ಕಾರೇ,” ಎಂದರು ಸಾಬರು. ಮೂರು ಸಲ ಮಾಡಿಸಿದರು. ನಾನು ಮಾಡಲಿಲ್ಲ. ಒಗೆದು ಇಸ್ತ್ರಿ ಮಾಡಿದ ಪಂಚೆ, ಮೇಲಾಗಿ ನಿವೃತ್ತ ಮುಖ್ಯೋಪಾಧ್ಯಾಯ. ಕಿಟಕಿಯಿಂದ ಹಾರುವುದುಂಟೇ?

ಸಾಬರು ಇನ್ನೂ ಒಂದು ಮಾತು ಹೇಳಿದ್ದರು. ತೇಲುವ ಜಾಕೆಟ್ಟನ್ನು ದಡದಲ್ಲೇ ಹಾಕಿಸಬೇಕು, ಹಾಕಿಸಿದ ದಿನ ಮೇಲ್ಛಾವಣಿ ತೆಗೆದಿಡಬೇಕು. ಛಾವಣಿಯ ಅಡಿಯಲ್ಲಿ ನೀರು ತುಂಬಿದರೆ ಜಾಕೆಟ್ಟು ಮನುಷ್ಯನನ್ನು ಮೇಲಕ್ಕೆ ಒತ್ತಿ ಅಲ್ಲೇ ಹಿಡಿದಿಡುತ್ತದೆ ಎಂದು. ಪುಟ್ಟಸ್ವಾಮಿ ಬಿಸಿಲಿನ ನೆಪ ಹೇಳಿ ಛಾವಣಿ ಉಳಿಸಿಕೊಂಡ. ಜಾಕೆಟ್ಟುಗಳು ಕೊಳೆಯಾಗಬಾರದೆಂದು ಪ್ಲಾಸ್ಟಿಕ್ ಕವರಿನ ಸಮೇತ ಸೀಟಿನಡಿ ಸೇರಿದವು. ಬಂದವರನ್ನೆಲ್ಲ ಕಿಟಕಿಯಿಂದ ಹಾರಿಸುವ ಮುದುಕ ಅಪಶಕುನ ಎಂದು ಸಾಬರಿಗೆ ಕೆರೆಯ ಕಡೆ ಬರಬೇಡಿ ಎಂದುಬಿಟ್ಟ.

ಪರವಾನಗಿಯ ಕಾಗದ ಇನ್ನೂ ಬಂದಿರಲಿಲ್ಲ. ‘ಟ್ರಯಲ್ಲು ಸಾರ್, ನಮ್ಮೋರೇ ಒಂದಿಷ್ಟು ಜನ’ ಎಂದು ಪುಟ್ಟಸ್ವಾಮಿ ಒಂದು ಭಾನುವಾರ ತನ್ನ ಹಳೆಯ ಮೇಷ್ಟ್ರುಗಳನ್ನೂ ಟೀಚರುಗಳನ್ನೂ ಕರೆದ. ವಿಮಲಾ ಟೀಚರೂ ಬಂದಿದ್ದರು. ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, ಸಾವಿತ್ರಿಯ ಜೀವದ ಗೆಳತಿ. ನಿಯಮವೆಂದರೆ ನಿಯಮ. ಒಂದು ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಎಡಕ್ಕೆ ಬಲಕ್ಕೆ ನೋಡಿಯೇ ದಾಟುವವರು. ನಾನು ಬರೆದ ಸುತ್ತೋಲೆಗಳನ್ನೆಲ್ಲ ಅವರೊಬ್ಬರೇ ಕೊನೆಯವರೆಗೆ ಓದುತ್ತಿದ್ದರು. ‘ಮೇಷ್ಟ್ರೇ, ಓದೋರು ನಾನೊಬ್ಳೇ, ನನಗೋಸ್ಕರನಾದ್ರೂ ಚಿಕ್ಕದಾಗಿ ಬರೀರಿ’ ಎಂದು ನಗುತ್ತಿದ್ದರು.

ನಾನು ಬಸ್ಸು ಹತ್ತಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ನೀರೆಂದರೆ ಭಯ. ಮಂಡಿನೋವು ಎಂದು ಸುಳ್ಳು ಹೇಳಿ ಏರಿಯ ಮೇಲೆ ಉಳಿದುಕೊಂಡೆ. ಯಾವ ವಾಹನ ಹತ್ತಲು ನನಗೆ ಧೈರ್ಯವಿರಲಿಲ್ಲವೋ ಅದರಲ್ಲಿ ಧೃತಿಗೆಡಬೇಡಿ ಎಂದು ಬರೆದವನು ನಾನು.

ಬೆಳಿಗ್ಗೆ ಪೂಜೆಗೆಂದು ಬಸ್ಸನ್ನು ಒಳಗೂ ಹೊರಗೂ ತೊಳೆದಿದ್ದರು. ತೊಳೆದ ನೀರು ಹೋಗಲಿ ಎಂದು ತಳದ ಬಿರಡೆ ತೆಗೆದಿದ್ದರು. ಕುಂಬಳಕಾಯಿ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಬಿರಡೆ ಹಾಕುವುದನ್ನು ಮರೆತರು. ಬಸ್ಸು ನೀರಿಗಿಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸಾವಿತ್ರಿ ನನ್ನತ್ತ ಕೈ ಬೀಸಿದಳು. ಬಿಸಿಲೆಂದು ಆಮೇಲೆ ಪರದೆ ಇಳಿಸಿಕೊಂಡರು. ಕೆರೆಯ ನಡುವೆ ಹೋಗುವಷ್ಟರಲ್ಲಿ ಬಸ್ಸಿನ ಹಿಂಭಾಗ ಸ್ವಲ್ಪ ತಗ್ಗಿದ ಹಾಗೆ ಕಂಡಿತು. ತಿರುಗುತ್ತಿದೆ ಅಂದುಕೊಂಡೆ. ಮತ್ತೆ ನೋಡಿದಾಗ ಹಿಂದಿನ ಚಕ್ರದ ಮೇಲಿನ ತಗಡು ನೀರಿನಡಿ ಹೋಗಿತ್ತು. ಡ್ರೈವರು ನೀರಿಗೆ ಹಾರಿದ್ದು ಕಂಡಿತು. ಆಮೇಲೆ ಪರದೆಯ ಒಂದು ಕಡೆ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು, ಅಲ್ಲಿಂದ ಒಂದೊಂದೇ ತಲೆ ಹೊರಗೆ ಬಂತು. ಮೀನು ಹಿಡಿಯುವವರು ತೆಪ್ಪ ಹಾಕಿಕೊಂಡು ಹೋಗಿ ಎಳೆದುಕೊಂಡರು. ದಡಕ್ಕೆ ಬಂದವರನ್ನು ಎಣಿಸಿದೆವು, ಮತ್ತೆ ಎಣಿಸಿದೆವು. ವಿಮಲಾ ಟೀಚರು ಇರಲಿಲ್ಲ.

ಗಂಟು ಎಳೆದದ್ದು ಸಾವಿತ್ರಿ. ಬದುಕಿದವರೆಲ್ಲ ಅವಳು ಬಿಚ್ಚಿದ ಕಿಟಕಿಯಿಂದಲೇ ಬಂದದ್ದು. ಒದ್ದೆ ಸೀರೆಯಲ್ಲಿ ಏರಿಯ ಮೇಲೆ ಕೂತು ಸೆರಗು ಹಿಂಡಿದಳು. ಆಮೇಲೆ ಹೇಳಿದಳು.

“ಏಳು ವಿಮಲಾ ಅಂತ ಕೈ ಹಿಡ್ದು ಎಳ್ದೆ ಕಣ್ರೀ. ಮೊಣಕಾಲ್ಗೆ ನೀರು ಬಂದಿತ್ತು ಅಷ್ಟೇ. ‘ಬೋರ್ಡಲ್ಲಿ ಕೂತಿರಿ ಅಂತ ಅದೆಯಲ್ಲ ಸಾವಿತ್ರಿ, ನಿಮ್ಮನೆಯವ್ರೇ ಬರ್ದವ್ರೆ, ಸುಮ್ನೆ ಗಾಬ್ರಿ ಮಾಡ್ಬ್ಯಾಡ’ ಅಂದ್ಲು.”

ನನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ಅವಳಿಗೆ ಹೊದಿಸಿದೆ.

ಕೇಸು ನಡೆಯಿತು. ಬಿರಡೆಯ ಬಗ್ಗೆ ಕೇಳಿದರು, ಪರವಾನಗಿಯ ಬಗ್ಗೆ ಕೇಳಿದರು, ಪ್ಲಾಸ್ಟಿಕ್ ಕವರಿನೊಳಗೇ ಉಳಿದ ಜಾಕೆಟ್ಟುಗಳ ಬಗ್ಗೆ ಕೇಳಿದರು. ಪುಟ್ಟಸ್ವಾಮಿ ಶಿಕ್ಷೆ ಅನುಭವಿಸಿದ. ಬೋರ್ಡಿನ ಬಗ್ಗೆ ಯಾರೂ ಕೇಳಲಿಲ್ಲ. ಒಬ್ಬರಾದರೂ ಕೇಳಲಿ ಎಂದು ಕಾದೆ. ಎಲ್ಲ ಮುಗಿದ ಮೇಲೆ ಬಸ್ಸು ಸಾಬರ ಶೆಡ್ಡಿಗೇ ಬಂದು ನಿಂತಿತು. ಬೋರ್ಡಿಗೆ ಏನೂ ಆಗಿರಲಿಲ್ಲ. ಎನಾಮಲ್ಲು ನೀರಿಗೆ ಹೋಗುವುದಿಲ್ಲ. ‘ಆಸೀನರಾಗಿ’ ಹಾಗೇ ಹೊಳೆಯುತ್ತಿತ್ತು. ಟರ್ಪೆಂಟೈನು ಕೊಡಿ, ಅಳಿಸುತ್ತೇನೆ ಎಂದೆ. ಸಾಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಳಿಸ್ಬ್ಯಾಡಿ ಮೇಷ್ಟ್ರೇ. ಇದು ಇರ್ಲಿ. ಹಿಂದ್ಗಡೆ ಬರೀರಿ.”

ಹಲಗೆ ತಿರುಗಿಸಿ, ಅವರ ಸಿಗರೇಟು ಪ್ಯಾಕಿನ ಮೂರು ಸಾಲನ್ನು ಒಂದಕ್ಷರ ತಿದ್ದದೆ ಬರೆದೆ. ‘ಮುಳುಗಿದ್ರೆ’ ಎಂಬ ಪದ ಮೊದಲು. ಸಾಬರು ಅದನ್ನು ಶೆಡ್ಡಿನ ಬಾಗಿಲಿಗೆ ತೂಗುಹಾಕಿದರು. ಬಾಡಿ ಕಟ್ಟಿಸಲು ಬಂದ ಮಾಲೀಕರಿಗೆಲ್ಲ ಮೊದಲು ಮುಂದಿನದನ್ನು ಓದಿಸಿ, ಆಮೇಲೆ ತಿರುಗಿಸಿ ಹಿಂದಿನದನ್ನು ಓದಿಸುತ್ತಿದ್ದರು. ಬರೆದವರು ಯಾರೆಂದು ಒಬ್ಬರಿಗೂ ಹೇಳಲಿಲ್ಲವಂತೆ. ಕಳೆದ ವರ್ಷ ಅವರೂ ಹೋದರು. ನೋಡಿ, ಸತ್ತರು ಎನ್ನಬೇಕಿತ್ತು, ಹೋದರು ಎಂದೆ. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮೊನ್ನೆಯ ಬಸ್ಸಿಗೆ ಬರೋಣ. ಹತ್ತಿದವನೇ ಆ ಹಸಿ ಬಣ್ಣದ ಬಾಗಿಲಿನ ಹಿಡಿಯನ್ನು ಮುಟ್ಟಿ, ಅಲ್ಲಿಂದ ಸೀಟುಗಳನ್ನು ಮುಟ್ಟುತ್ತಾ ಬಂದು ನಾಲ್ಕನೆಯದರಲ್ಲಿ ಕೂತೆ. ಕೈಗೆಲ್ಲ ಕೆಂಪು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಮಡಿಲಲ್ಲಿ ಕೂಸು. ಮುಂದೆ ನಾಲೆಯ ಪಕ್ಕದ ರಸ್ತೆ ಬರುವುದಿತ್ತು. ನನಗೆ ತಡೆಯಲಾಗಲಿಲ್ಲ.

“ತಾಯಿ, ಬಸ್ಸೇನಾದರೂ ನಾಲೆಗೆ ಬಿದ್ದರೆ ಇಲ್ಲಿ ಕೂತಿರಬೇಡ. ಹಿಂದಕ್ಕೆ ನಾಲ್ಕು ಸೀಟು ಮುಟ್ಟಿಕೊಂಡು ಹೋದರೆ ಬಾಗಿಲು ಸಿಗುತ್ತೆ. ಮಗೂನ ಎದೆಗೆ ಅವಚಿಕೋ.”

ಆಕೆ ಕೂಸಿನ ಕಿವಿ ಮುಚ್ಚಿದಳು. “ಅಯ್ಯೋ ನಿಮ್ ಬಾಯ್ಗೆ! ಎಳೇ ಮಗೀನ್ ಮುಂದೆ ಏನ್ ಮಾತು ಅಂತ ಆಡೀರಿ? ಬುಡ್ತು ಅನ್ನಿ ಯಜಮಾನ್ರೇ!”

ನಾಲಿಗೆಯ ತುದಿಗೆ ಬಂತು. ಜೀವಮಾನವೆಲ್ಲ ಅನ್ನುತ್ತಾ ಬಂದ ಮಾತು.

“ಅನ್ನಲ್ಲ ಕಣಮ್ಮ,” ಎಂದೆ.

ಆಕೆ ನನ್ನನ್ನು ಕೆಕ್ಕರಿಸಿ ನೋಡಿದಳು. ಕೂಸನ್ನು ಎದೆಗೆ ಅವಚಿಕೊಂಡು, ಚೀಲ ಎತ್ತಿಕೊಂಡು, ಸಿಟ್ಟಿನಲ್ಲಿ ಸೀಟುಗಳ ಕಂಬಿ ಹಿಡಿದು ಹಿಡಿದು ಹಿಂದಕ್ಕೆ ಹೋಗಿ ಆ ಕೆಂಪು ಬಾಗಿಲಿನ ಪಕ್ಕದಲ್ಲೇ ಕೂತಳು. ಮಳವಳ್ಳಿ ಬರುವವರೆಗೂ ಪಕ್ಕದವರಿಗೆಲ್ಲ ನನ್ನನ್ನು ತೋರಿಸಿ ಬೈಯುತ್ತಿದ್ದಳು. ಬೈಯಲಿ. ಎದ್ದಳಲ್ಲ, ನನಗೆ ಅಷ್ಟು ಸಾಕು.