ತಿಮ್ಮಮ್ಮನ ಒಳಕಲ್ಲು, ಬೀದಿಯ ನೀರು

ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪಿನ ಕಡೆಯಿಂದ ಒಳಕ್ಕೆ ಬಂದರೆ ಒಂದು ಸಣ್ಣ ಬೀದಿ ಸಿಗುತ್ತದೆ. ಎದುರಿಗೆ ಆಟೋ ಬಂದರೆ ಈ ಕಡೆಯ ಆಟೋ ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಅಷ್ಟೇ ಅಗಲ. ಆ ಬೀದಿಯಲ್ಲಿ ತಿಮ್ಮಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. "ಮುಂದೆ ಒಳಕಲ್ಲು ಐತಲ್ಲ, ಆ ಮನೆ" ಎನ್ನುತ್ತಿದ್ದರು. ಕಂಠದವರೆಗೆ ನೆಲದಲ್ಲಿ ಹೂತ ಕಲ್ಲು ಅದು. ಬಾಯಿಯೊಂದೇ ಮೇಲೆ ಕಾಣುತ್ತಿತ್ತು, ಒನಕೆ ಬಿದ್ದು ಬಿದ್ದು ಕಪ್ಪಗೆ ಮಿರಮಿರ ಎನ್ನುವ ಬಾಯಿ.

ಅದನ್ನು ಯಾರು ತಂದು ಹೂತರೋ ಗೊತ್ತಿದ್ದವರು ಈಗ ಯಾರೂ ಇಲ್ಲ. ತಿಮ್ಮಮ್ಮ ಚಾಮರಾಜನಗರದ ಕಡೆಯ ಹಳ್ಳಿಯಿಂದ ಮಂಟಯ್ಯನ ಕೈಹಿಡಿದು ಬಂದಾಗ ಅದು ಆಗಲೇ ಅಲ್ಲಿತ್ತು. ಮಂಟಯ್ಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ಹೊಸ ಸೊಸೆಯ ಕೈಗೆ ಒನಕೆ ಕೊಟ್ಟು ಹೊರಗೆ ಕಳಿಸಿದಳಂತೆ. ಹಳ್ಳಿಯ ಹುಡುಗಿ ಎಷ್ಟು ಕುಟ್ಟುತ್ತಾಳೆ ನೋಡೋಣ ಎಂದು ಇಡೀ ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರಂತೆ. ಅವತ್ತು ಅಂಗೈಯಲ್ಲಿ ಎದ್ದ ಬೊಬ್ಬೆಗಳ ಕಥೆಯನ್ನು ತಿಮ್ಮಮ್ಮ ಹೇಳುತ್ತಿದ್ದರೆ ಕೇಳಬೇಕು. ಪ್ರತಿ ಸಲವೂ ಬೊಬ್ಬೆ ಒಂದು ಸುತ್ತು ದೊಡ್ಡದಾಗುತ್ತಿತ್ತು.

ಆಗಿನ ಕಾಲವೇ ಬೇರೆ. ರಾಗಿ, ಅರಿಸಿನ, ಹುಣಸೆಹಣ್ಣು, ಎಲ್ಲ ಆ ಕಲ್ಲಿಗೇ ಬರಬೇಕು. ಮೆಣಸಿನಕಾಯಿ ಕುಟ್ಟುವ ದಿನ ಬೀದಿಗೆ ಬೀದಿಯೇ ಸೀನುತ್ತಿತ್ತು. ಸೈಕಲ್ಲಿನಲ್ಲಿ ಬರುವ ಪೋಸ್ಟಿನವನು ದೂರದಲ್ಲೇ ನಿಂತು ಹೆಸರು ಕೂಗಿ ಕಾಗದ ಕೊಡುತ್ತಿದ್ದ. ಸಂಜೆ ವರ್ಕ್‌ಶಾಪಿನ ಸೈರನ್ನು ಕೇಳಿದ ಕೂಡಲೇ ಹೆಂಗಸರು ಒನಕೆ ಗೋಡೆಗೆ ಒರಗಿಸಿ ಒಲೆ ಹಚ್ಚಲು ಒಳಗೋಡುತ್ತಿದ್ದರು. ತಿಮ್ಮಮ್ಮ ಮುಂದೆ ಮಾನಸಗಂಗೋತ್ರಿಯಲ್ಲಿ ತೋಟದ ಕೆಲಸಕ್ಕೆ ಸೇರಿದಳು. ಅಲ್ಲಿಗೆ ನಡೆದು ಹೋಗಿ ಹುಲ್ಲು ಕಿತ್ತು, ಗಿಡಕ್ಕೆ ಪಾತಿ ಮಾಡಿ, ನಡೆದೇ ಮನೆಗೆ ಬರುತ್ತಿದ್ದಳು. ಬಂದವಳು ಮನೆಯೊಳಗೆ ಹೋಗುವ ಮೊದಲು ಒಳಕಲ್ಲಿನ ಪಕ್ಕ ಕಾಲು ಚಾಚಿ ಕೂರಬೇಕು. ಎದುರು ಮನೆಯ ಇಂದ್ರಮ್ಮ ಕಾಫಿ ಲೋಟ ಹಿಡಿದು ಬರಬೇಕು. ಇಂದ್ರಮ್ಮ ಇವಳಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಮಿಕ್ಸಿ ಬಂತು, ಪ್ಯಾಕೆಟ್ಟಿನ ಖಾರದ ಪುಡಿ ಬಂತು. ಕಲ್ಲಿಗೆ ಉಳಿದದ್ದು ಮದುವೆಗಳು ಮಾತ್ರ. ಆ ಬೀದಿಯಲ್ಲಿ ಹೆಣ್ಣಿಗಾಗಲಿ ಗಂಡಿಗಾಗಲಿ ಮದುವೆ ಎಂದರೆ ಮೊದಲ ಅರಿಸಿನ ಆ ಕಲ್ಲಿನಲ್ಲೇ ಕುಟ್ಟಬೇಕು. ಇನ್ನೊಂದು ನಂಬಿಕೆಯೂ ಇತ್ತು. ಮದುವೆ ಗೊತ್ತಾದ ಮೇಲೆ ಕಲ್ಲನ್ನು ಅಲುಗಾಡಿಸಬಾರದು, ಅಲುಗಾಡಿಸಿದರೆ ಮದುವಣಗಿತ್ತಿಯ ಸಂಸಾರ ನೆಲೆ ನಿಲ್ಲುವುದಿಲ್ಲ ಎಂದು.

ಈ ನಂಬಿಕೆಯಿಂದಲೇ ಒಂದು ಎಡವಟ್ಟಾಯಿತು ನೋಡಿ.

ಮೂವತ್ತು ವರ್ಷದ ಹಿಂದಿನ ಮಾತು. ಅದುವರೆಗೆ ಬೀದಿಯವರೆಲ್ಲ ಮೂಲೆಯ ನಲ್ಲಿಯಿಂದ ನೀರು ಹೊರುತ್ತಿದ್ದರು. ನಗರಪಾಲಿಕೆಯವರು ಮನೆ ಮನೆಗೆ ನಲ್ಲಿ ಕೊಡುತ್ತೇವೆ ಎಂದಾಗ ಜನಕ್ಕೆ ಹಬ್ಬ. ಅದೇ ಸಮಯಕ್ಕೆ ಒಳಚರಂಡಿಯೂ ಬಂತು. ಚರಂಡಿಗೆ ಇಂದ್ರಮ್ಮನ ಮನೆಯ ಅಂಚಿನಲ್ಲಿ ಕಾಲುವೆ ತೋಡಿ ಆಗಿತ್ತು. ನೀರಿನ ಪೈಪಿಗೆ ತಿಮ್ಮಮ್ಮನ ಮನೆಯ ಅಂಚಿನಲ್ಲಿ ಇನ್ನೊಂದು ತೋಡಬೇಕು. ಬೇಗ ಆಗಲಿ ಎಂದು ಬೀದಿಯವರೇ ಭಾನುವಾರ ಗುದ್ದಲಿ ಹಿಡಿದು ಇಳಿದರು. ಬೆಣಚುಕಲ್ಲಿನ ನೆಲ, ಪಿಕಾಸಿ ಹಾಕಿದರೆ ಕಿಡಿ ಹಾರುತ್ತಿತ್ತು. ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತರು. ಇಂದ್ರಮ್ಮನ ಮನೆಯ ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಉಪ್ಪಿಟ್ಟು. ಅಗೆಯುತ್ತ ಅಗೆಯುತ್ತ ಒಳಕಲ್ಲಿನ ಹತ್ತಿರ ಬಂದರು. ಇಂದ್ರಮ್ಮನ ದೊಡ್ಡ ಮಗಳಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು.

ತಿಮ್ಮಮ್ಮ ಮಂಕರಿ ಕೆಳಗಿಟ್ಟು ಕಲ್ಲಿಗೆ ಅಡ್ಡ ನಿಂತಳು. ಕಲ್ಲು ಮುಟ್ಟುವುದು ಬೇಡ, ಆ ಕಡೆ ಕಾಲುವೆ ತೆರೆದೇ ಇದೆಯಲ್ಲ, ನೀರಿನ ಪೈಪನ್ನೂ ಅದರಲ್ಲೇ ಮಲಗಿಸಿ ಎಂದಳು. ಮಂಟಯ್ಯ ಸ್ವಲ್ಪ ತಡವರಿಸಿದ. ನೀರೂ ಕೊಳೆಯೂ ಒಂದೇ ಗುಂಡಿಯಲ್ಲಿ ಎಂದರೆ ಹೇಗೋ ಏನೋ ಎಂದ. ಆದರೆ ಮದುವೆಯ ಮನೆ ಎದುರಿಗೇ ಇದೆ, ಎಲ್ಲರ ಕೈಯೂ ಬೊಬ್ಬೆ ಎದ್ದಿದೆ. ಒಂದೇ ತಾಯಿಯ ಮಕ್ಕಳ ಹಾಗೆ ಇರುವ ಬೀದಿಗೆ ಎರಡೆರಡು ಗುಂಡಿ ಯಾಕೆ ಎಂದು ಯಾರೋ ನಕ್ಕರು. ಪೈಪು ಹಾಕಲು ಬಂದಿದ್ದ ಮೇಸ್ತ್ರಿಯೂ ಆಗಲಿ ಎಂದ. ಸಂಜೆಯ ಹೊತ್ತಿಗೆ ಎರಡು ಪೈಪೂ ಅಕ್ಕಪಕ್ಕ ಮಲಗಿದ್ದವು, ಮಣ್ಣು ಮುಚ್ಚಿಯಾಗಿತ್ತು. ಮನೆಯಲ್ಲೇ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿದ ಮೊದಲ ದಿನ ತಿಮ್ಮಮ್ಮ ನಲ್ಲಿಗೆ ಹೂ ಮುಡಿಸಿದ್ದಳು. ಇಂದ್ರಮ್ಮನ ಮಗಳ ಅರಿಸಿನ ಅದೇ ಕಲ್ಲಿನಲ್ಲಿ ಕುಟ್ಟಿದ್ದಾಯಿತು. ಆ ಮದುವೆಯಷ್ಟು ಸೊಗಸಿನ ಮದುವೆ ಮತ್ತೆ ಬೀದಿಯಲ್ಲಿ ಆಗಲಿಲ್ಲ ಎಂದು ಈಗಲೂ ಹೇಳುತ್ತಾರೆ.

ವರ್ಷಗಳು ಉರುಳಿದವು. ಮಂಟಯ್ಯ ತೀರಿಕೊಂಡ. ಆಮೇಲೆ ತಿಮ್ಮಮ್ಮ ಯಾರ ಮನೆಯ ಅರಿಸಿನ ಕುಟ್ಟುವಾಗಲೂ ಬಾಗಿಲಲ್ಲೇ ದೂರ ನಿಲ್ಲುವುದನ್ನು ತಾನಾಗಿಯೇ ರೂಢಿ ಮಾಡಿಕೊಂಡಳು. ಕಲ್ಲನ್ನು ತೊಳೆದು ಕೊಡುವುದು ಮಾತ್ರ ಅವಳೇ.

ಕಳೆದ ಬೇಸಿಗೆಯಲ್ಲಿ ನಲ್ಲಿ ನೀರು ವಾಸನೆ ಬರತೊಡಗಿತು. ಮೊದಲು ಒಬ್ಬರ ಮನೆಯಲ್ಲಿ, ಆಮೇಲೆ ಎಲ್ಲರ ಮನೆಯಲ್ಲಿ. ಪಾಲಿಕೆಯಿಂದ ನೋಡಲು ಬಂದವಳು ರಕ್ಷಿತಾ ಎಂಬ ಇಂಜಿನಿಯರ್ ಹುಡುಗಿ. ಅಲ್ಲಲ್ಲಿ ಅಗೆಸಿ ನೋಡಿದಳು. ಚರಂಡಿಯ ಮಣ್ಣಿನ ಪೈಪು ಕೀಲಿನಲ್ಲಿ ಬಿರುಕು ಬಿಟ್ಟಿತ್ತು, ನೀರಿನ ಕಬ್ಬಿಣದ ಪೈಪು ತುಕ್ಕು ತಿಂದು ತೂತಾಗಿತ್ತು. ನೀರು ಬಿಡುವ ಹೊತ್ತು ಮುಗಿದು ಪೈಪು ಬರಿದಾದಾಗ ಅದು ಸುತ್ತಲಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ಬೀದಿಯವರಿಗೆ ಬಿಡಿಸಿ ಹೇಳಿದಳು. ಹೊಸ ಪೈಪು ಹಾಕಲೇಬೇಕು, ಅದೂ ಚರಂಡಿಯಿಂದ ದೂರ. ಬೀದಿಯ ಆ ಅಂಚಿನಲ್ಲಿ ಚರಂಡಿ. ಕಂಬದ ತಂತಿ ಇಳಿಸಿ ಹೂತ ಕರೆಂಟಿನ ಕೇಬಲ್ ನಡುವಿನಲ್ಲಿ. ಉಳಿದದ್ದು ತಿಮ್ಮಮ್ಮನ ಮನೆಯ ಅಂಚು, ಅಲ್ಲಿ ಕೂತಿರುವುದು ಒಳಕಲ್ಲು.

ತಿಮ್ಮಮ್ಮನ ಮೊಮ್ಮಗಳು ನಯನಾಳಿಗೆ ಮದುವೆ ಗೊತ್ತಾಗಿ ಹದಿನೈದು ದಿನವೂ ಆಗಿರಲಿಲ್ಲ.

ತಿಮ್ಮಮ್ಮ ಕಲ್ಲಿನ ಪಕ್ಕ ಕೂತುಬಿಟ್ಟಳು. "ಒಂದ್ಮನೇಲಿ ಹುಟ್ಟಿದ್ ಅಣ್ತಮ್ಮಂದ್ರು ಒಟ್ಟಿಗಿರಲ್ವಾ ತಾಯಿ, ಪೈಪು ಇರಕ್ಕಾಗಲ್ವಾ?"

ರಕ್ಷಿತಾ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. "ಅಣ್ಣತಮ್ಮಂದ್ರು ಜಗಳ ಆಡಿದ್ರೆ ಮಾತು ಬಿಡ್ತಾರೆ, ಅಷ್ಟೇ ಅಜ್ಜಿ. ಇವು ಒಂದ್ರೊಳಗೊಂದು ಸೇರ್ಕೊಂಡ್ಬಿಡ್ತವೆ. ಹತ್ತಡಿ ದೂರ ಇರ್ಬೇಕು ಅಂತ ನಿಯಮ. ನಿಮ್ಮ ಬೀದೀಲಿ ಹತ್ತಡಿ ಸಿಗೋದು ಈ ಅಂಚಲ್ಲಿ ಮಾತ್ರ. ಕಲ್ಲು ಉಳಿಸೋಣ ಅಂತ ಆ ಕಡೆ ಬಾಗಿಸಿದ್ರೆ ಕೇಬಲ್ ಮೇಲೇ ಹೋಗುತ್ತೆ."

ಮದುವೆ ಮುಗಿಯುವವರೆಗೆ ತಡೆಯಬಹುದೇ ಎಂದು ತಿಮ್ಮಮ್ಮ ಕೇಳಿದಳು. ಈಗ ಬಿಟ್ಟರೆ ಕೆಲಸದವರು ಬೇರೆ ಬಡಾವಣೆಗೆ ಹೋಗುತ್ತಾರೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಮತ್ತೆ ಸರದಿ ಬರುವುದು ಯಾವಾಗಲೋ ಎಂದು ರಕ್ಷಿತಾ ಹೇಳಿದಳು. ಆದರೂ ಬಲವಂತ ಮಾಡಲಿಲ್ಲ, ವಾರದ ಸಮಯ ಕೊಟ್ಟು ಹೋದಳು.

ಬೀದಿಯವರು ಏನಂದರು ಎನ್ನುತ್ತೀರಾ? ಏನೂ ಅನ್ನಲಿಲ್ಲ. ಅಜ್ಜಿಯ ಒಬ್ಬಳೇ ಮೊಮ್ಮಗಳ ಮದುವೆ, ಅದು ಮುಗಿಯಲಿ, ಅಲ್ಲಿಯವರೆಗೆ ಕಾಯಿಸಿ ಕುಡಿಯೋಣ ಎಂದು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡರು. ಎದುರು ನಿಂತವನು ತಿಮ್ಮಮ್ಮನ ಮಗ ಪ್ರೇಮ್‌ಕುಮಾರ್ ಒಬ್ಬನೇ. ಬುದ್ಧನ ಮುಂದೆ ದೀಪ ಹಚ್ಚಿ, ತ್ರಿಸರಣ ಹೇಳಿ ಮದುವೆ ಮಾಡುವ ಮನೆಯಲ್ಲಿ ಕಲ್ಲಿನ ಶಾಸ್ತ್ರಕ್ಕೆ ಏನು ಕೆಲಸ ಎಂದು ಅವನ ವಾದ.

"ಬುದ್ಧ ಅರಿಸಿನ ಕುಟ್ಟಬ್ಯಾಡಿ ಅಂದಿದ್ನಾ?" ಎಂದಳು ತಿಮ್ಮಮ್ಮ.

"ಕೊಳಕು ನೀರು ಕುಡೀರಿ ಅಂತಾನೂ ಅಂದಿಲ್ಲ ಕಣವ್ವ" ಎಂದು ಅವನು ಸ್ಕೂಟರ್ ಹತ್ತಿ ಹೋದ.

ಆ ವಾರದಲ್ಲೇ ಇಂದ್ರಮ್ಮ ಮಲಗಿದಳು. ಜ್ವರ, ವಾಂತಿ, ಆಮೇಲೆ ಕಾಮಾಲೆ. ನೀರಿನಿಂದಲೇ ಬಂದದ್ದು ಎಂದು ಡಾಕ್ಟರು ಹೇಳಿದರು. ನೀರು ಕಾಯಿಸುವುದೇನೋ ಸರಿ, ಆದರೆ ಬಾಯಿ ಮುಕ್ಕಳಿಸುವುದಕ್ಕೆ, ತಟ್ಟೆ ತೊಳೆಯುವುದಕ್ಕೆ ಯಾರು ಕಾಯಿಸುತ್ತಾರೆ? ತಿಮ್ಮಮ್ಮ ಗಂಜಿ ಮಾಡಿಕೊಂಡು ಬೀದಿ ದಾಟಿದಳು. ಇಂದ್ರಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು, ಉಗುರು, ಎಲ್ಲ ಹಳದಿ.

"ನೋಡಕ್ಕ" ಎಂದಳು ಕೈ ಚಾಚಿ, "ಮದ್ವೆ ಹೆಣ್ಗಿಂತ ಮೊದ್ಲು ನಂಗೇ ಅರಿಸಿನ ಹಚ್ಬುಟ್ಟವ್ರೆ."

ತಿಮ್ಮಮ್ಮನಿಗೆ ನಗು ಬರಲಿಲ್ಲ. ಗಂಜಿ ಬಗ್ಗಿಸಿ ಕೊಟ್ಟಳು. ಇಂದ್ರಮ್ಮ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು. ಕಿಟಕಿಯಿಂದ ಎದುರಿಗೆ ಕಲ್ಲು ಕಾಣುತ್ತಿತ್ತು. ಅದನ್ನೇ ನೋಡುತ್ತ ಮೆಲ್ಲಗೆ ಹೇಳಿದಳು:

"ನನ್ ಮಗಳ ಮದ್ವೆಗೆ ಅಂತ ಅವತ್ತು ಕಲ್ಲು ಉಳಿಸ್ದೆ ತಿಮ್ಮಕ್ಕ. ನಿನ್ ಮೊಮ್ಮಗಳ ಮದ್ವೆಗೆ ನಾನೂ ಉಳೀಬೇಕಲ್ಲ."

ತಿಮ್ಮಮ್ಮ ಗಂಜಿಯ ಪಾತ್ರೆ ಎತ್ತಿಕೊಂಡು ಮನೆಗೆ ಬಂದಳು. ಮಾರನೆಯ ಬೆಳಿಗ್ಗೆ ಮಗನಿಗೆ ಹೇಳಿ ರಕ್ಷಿತಾಳಿಗೆ ಫೋನು ಮಾಡಿಸಿದಳು. ಕೆಲಸದವರು ಬಂದರು. ತಿಮ್ಮಮ್ಮ ಒಂದು ಚೊಂಬು ನೀರು ತಂದು ಕಲ್ಲಿನ ಬಾಯಿ ತೊಳೆದು, ಸೆರಗಿನಿಂದ ಒರೆಸಿ, "ಎತ್ರಪ್ಪ" ಎಂದು ಪಕ್ಕಕ್ಕೆ ಸರಿದಳು.

ಹಾರೆ ಹಾಕಿದರು, ಹಗ್ಗ ಕಟ್ಟಿದರು. ಕಲ್ಲು ಬರಲೊಲ್ಲದು. ಸುತ್ತ ಅಗೆದಷ್ಟೂ ಅದರ ಹೊಟ್ಟೆ ದಪ್ಪವಾಗುತ್ತ ಹೋಯಿತು. ಕೊನೆಗೆ ಬೀದಿಯ ಗಂಡಸರೆಲ್ಲ ಕೈಹಾಕಿ ಮೇಲೆ ಉರುಳಿಸಿದಾಗ ಬೆಳ್ಳಗೆ, ಒರಟಾಗಿ, ಬುಡಮೇಲಾಗಿ ಬಿದ್ದುಕೊಂಡಿತು. ಇಷ್ಟು ವರ್ಷ ಅದರ ಮಗ್ಗುಲಲ್ಲೇ ಕೂತ ತಿಮ್ಮಮ್ಮ ಕಲ್ಲಿನ ಕೆಳಗಿನ ಅರ್ಧವನ್ನು ಕಂಡದ್ದು ಅಂದೇ. ಮಣ್ಣಂಟಿದ ಆ ಹೊಟ್ಟೆಯನ್ನು ಕೈಯಿಂದ ಸವರಿದಳು. ಎಷ್ಟು ತಣ್ಣಗಿದೆ ಎಂದು ಪಕ್ಕದಲ್ಲಿ ನಿಂತಿದ್ದ ನಯನಾಳಿಗೆ ಹೇಳಿದಳು.

ಆ ಗುಂಡಿಯ ಮೂಲಕವೇ ಹೊಸ ಪೈಪು ಹಾದುಹೋಯಿತು. ನಾಲ್ಕು ದಿನದಲ್ಲಿ ನಲ್ಲಿಯಲ್ಲಿ ಒಳ್ಳೆಯ ನೀರು. ಆದರೆ ಕಲ್ಲನ್ನು ಮತ್ತೆ ಎಲ್ಲಿ ಹೂಳುವುದು? ಮೊದಲಿನ ಜಾಗದಲ್ಲಿ ಈಗ ಪೈಪು. ಇಂದ್ರಮ್ಮನ ಕಡೆ ಚರಂಡಿ. ನಡುವೆ ಕೇಬಲ್. ಪ್ರೇಮ್‌ಕುಮಾರನೇ ಬೀದಿಯ ಉದ್ದಕ್ಕೂ ಓಡಾಡಿ ನೋಡಿದ. ಒಂದು ಕಲ್ಲು ಕೂರುವಷ್ಟು ನೆಲವೂ ಖಾಲಿ ಇರಲಿಲ್ಲ. ನೆಲದ ಮೇಲೆ ಇಟ್ಟುಕೊಳ್ಳಿ, ಹೂಳುವುದು ಮಾತ್ರ ಬೇಡ ಎಂದು ರಕ್ಷಿತಾ ಹೇಳಿ ಹೋಗಿದ್ದಳು. ಕಲ್ಲು ಗೋಡೆಗೆ ಒರಗಿಕೊಂಡು ಉಳಿಯಿತು.

ಅರಿಸಿನ ಕುಟ್ಟುವ ದಿನ ಬಂತು. ಕಲ್ಲನ್ನು ಬೀದಿಗೆ ಉರುಳಿಸಿ ನೆಟ್ಟಗೆ ನಿಲ್ಲಿಸಿದರು, ಅಲುಗಾಡದ ಹಾಗೆ ಸುತ್ತ ಇಟ್ಟಿಗೆ ಕೊಟ್ಟರು. ತಿಮ್ಮಮ್ಮ ಎಂದಿನಂತೆ ತೊಳೆದುಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ನಯನಾ ಎರಡೂ ಕೈಯಲ್ಲಿ ಒನಕೆ ಎತ್ತಿ ಹಾಕಿದಳು. ಒಂದೇ ಏಟಿಗೆ ಇಟ್ಟಿಗೆ ಜರುಗಿತು, ಕಲ್ಲು ವಾಲಿತು, ಅರಿಸಿನದ ಕೊಂಬು ನೆಲಕ್ಕೆ ಚೆಲ್ಲಿತು.

ಹೆಂಗಸರೆಲ್ಲ ಚೆಲ್ಲಿದ ಅರಿಸಿನವನ್ನೇ ನೋಡಿದರು. ಎಲ್ಲರ ಮನಸ್ಸಿನಲ್ಲೂ ಆ ಒಂದೇ ಮಾತು, ನೆಲೆ. ಯಾರೂ ತಿಮ್ಮಮ್ಮನ ಮುಖ ನೋಡಲಿಲ್ಲ. ಅವಳ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

ಎದುರು ಮನೆಯಿಂದ ಇಂದ್ರಮ್ಮ ಮೆಲ್ಲಗೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಸೀರೆಯೇ ಅವಳಿಗಿಂತ ದಪ್ಪ ಕಾಣುತ್ತಿತ್ತು. ಯಾರನ್ನೂ ಏನೂ ಕೇಳದೆ ನೆಲದ ಮೇಲೆ ಕೂತು, ಕಾಲು ಚಾಚಿ, ಪಾದವನ್ನು ಕಲ್ಲಿಗೆ ಒತ್ತಿ ಹಿಡಿದಳು. ಅದನ್ನು ಕಂಡು ಇನ್ನೊಬ್ಬಳು ಕೂತಳು, ಮತ್ತೊಬ್ಬಳು ಕೂತಳು. ಸುತ್ತಲೂ ಕಾಲುಗಳು. ನಯನಾ ಅರಿಸಿನದ ಕೊಂಬು ಬಾಚಿ ಹಾಕಿ ಇನ್ನೊಂದು ಏಟು ಕೊಟ್ಟಳು. ಕಲ್ಲು ಮತ್ತೆ ವಾಲಿತು. ತಿಮ್ಮಮ್ಮನ ಮನೆಯ ಕಡೆಗೆ ಯಾರೂ ಕೂತಿರಲಿಲ್ಲ.

ನಯನಾ ಒನಕೆ ಹಿಡಿದುಕೊಂಡೇ ತಿರುಗಿದಳು. "ಅಜ್ಜಿ, ನಿನ್ ಕಡೆ ಖಾಲಿ ಐತೆ. ಬಾ, ಕೂತ್ಕೊ."

ತಿಮ್ಮಮ್ಮ ಇದ್ದಲ್ಲೇ ಇದ್ದಳು. ತಾನು ಬರಬಾರದು ಎಂಬಂತೆ ತಲೆಯಾಡಿಸಿದಳು.

"ಬಾರಕ್ಕ, ನಾಟ್ಕ ಆಡ್ಬ್ಯಾಡ" ಎಂದಳು ಇಂದ್ರಮ್ಮ. "ನಂಗೆ ಕಾಲು ನಡುಗ್ತಾ ಅವೆ. ಈ ಕಲ್ಲು ಉಳ್ಳಿ ನನ್ ಮೇಲೆ ಬಂದ್ರೆ ಡಾಕ್ಟ್ರು ಇನ್ನೊಂದ್ಸಲ ನನ್ ಮುಖ ನೋಡಲ್ಲ."

ತಿಮ್ಮಮ್ಮ ಬಾಗಿಲು ಬಿಟ್ಟು ಬಂದಳು. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತು, ಸೀರೆಯ ನೆರಿಗೆ ಒತ್ತರಿಸಿ, ಎರಡೂ ಪಾದಗಳನ್ನು ಕಲ್ಲಿನ ಒರಟು ಹೊಟ್ಟೆಗೆ ಊರಿದಳು. ಆ ಬದಿಯಿಂದ ಇಂದ್ರಮ್ಮ ಒತ್ತಿದಳು, ಈ ಬದಿಯಿಂದ ಇವಳು.

"ಈಗ ಕುಟ್ಟು ಮಗ" ಎಂದಳು. "ನಿಧಾನಕ್ಕೆ. ಅಜ್ಜೀರ ಕಾಲು ಅವೆ."

ನಯನಾ ಒನಕೆ ಎತ್ತಿದಳು. ಕಲ್ಲು ಅಲುಗಲಿಲ್ಲ.