ಗಿಣ್ಣು ಕೈತಪ್ಪಿದ್ದು

ಎಪ್ಪತ್ತರ ದಶಕದಲ್ಲಿ ನಾನು ಯಲ್ಲದಕೆರೆ ಕಡೆ ದನದ ಡಾಕ್ಟರಾಗಿದ್ದೆ. ಹುಟ್ಟುತ್ತಲೇ ತಾಯಿ ಸತ್ತ ಕುರಿಮರಿಯೊಂದನ್ನು ನೋಡಲು ಹೋದರೆ, ಮನೆಯಾಕೆ ಈರಮ್ಮ ನನಗೆ ಗಿಣ್ಣು ಮಾಡಲೆಂದು ಅಂದೇ ಈದ ಹಸುವಿನ ಹಾಲನ್ನು ಒಲೆಗಿಡುತ್ತಿದ್ದರು. "ಕಾಯಿಸಬೇಡ್ರಿ!" ಎಂದು ಕೂಗುತ್ತಾ ಬೂಟುಗಾಲಲ್ಲೇ ಅಡುಗೆಮನೆಗೆ ನುಗ್ಗಿ ಪಾತ್ರೆ ಕಿತ್ತುಕೊಂಡೆ.

"ಬೂಟು ಹಾಕ್ಕಂಡು ಒಲೆ ತಾವ ಬಂದ್ರಲ್ರೀ!"

"ರೋಗ ತಡೆಯೋ ಶಕ್ತಿ ನಮಗೆ ಮನುಷ್ಯರಿಗೆ ತಾಯಿ ಹೊಟ್ಟೇಲೇ ಸಿಕ್ಕಿರ್ತೈತಮ್ಮ. ಅದನ್ನ ಕೂಸಿಗೆ ದಾಟಿಸೋ ಅಂಬಿಗ ಅಲ್ಲೇ ಇರ್ತಾನೆ. ಕುರಿ ಹೊಟ್ಟೇಲಿ ಆ ಅಂಬಿಗ ಇಲ್ಲ. ಆ ಶಕ್ತಿ ಈ ಮೊದಲ ಹಾಲಲ್ಲೈತೆ, ಕಾಯಿಸಿದ್ರೆ ಸತ್ತೋಗ್ತೈತೆ; ಮರಿಗೆ ಈ ಹಸಿ ಹಾಲೇ ಗತಿ. ನಾಳೆಗೆ ಅದರ ಕರುಳು ಆ ಶಕ್ತಿಗೆ ಬಾಗಿಲು ಹಾಕ್ಕಂತೈತೆ!"

ಮರಿ ಬಾಲ ಅಲ್ಲಾಡಿಸುತ್ತ ಕುಡಿಯಿತು. ನಾನು ಕುಣಿಯುವುದೊಂದು ಬಾಕಿ.

ಕೊನೆಗೆ ಈರಮ್ಮ ನನ್ನ ಮುಂದೆ ಒಂದು ಲೋಟ ಮಜ್ಜಿಗೆ ತಂದಿಟ್ಟರು.

"ನಿಮಗೆ ನಿಮ್ಮವ್ವ ಹೊಟ್ಟೇಲೇ ಕೊಟ್ಟಿರ್ತಾಳಲ್ಲ ಸಾರ್, ಗಿಣ್ಣು ಯಾಕೆ? ಕುಡೀರಿ."