ಟೈರಿಗೆ ಹಾಲು

ಸೋಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಡ್ರಿಲ್ ಟೀಚರ್ ಇದ್ದಳು. ಮಾತಾಡುವಾಗಲೂ ಸೈಕಲ್ ಟೈರನ್ನು ಹೆಬ್ಬೆರಳಲ್ಲಿ ಒತ್ತುತ್ತಲೇ ಇರುತ್ತಿದ್ದಳು. ಯಾವ ಟೈರು ಒಳ್ಳೇದು ಅಂತ ಯಾರು ಕೇಳಿದರೂ ಒಂದೇ ಮಾತು: "ದಾರೀನ ಕೇಳ್ಬೇಕು."

ಒಂದು ವರ್ಷ ನಮ್ಮ ಮನೆ ಮುಂದೇ ಹಾದುಹೋಗೋ ಬೆಟ್ಟದ ಸೈಕಲ್ ರೇಸಿನಲ್ಲಿ ಮುಳ್ಳು ಚುಚ್ಚಿ ಅವಳ ಟ್ಯೂಬು ಹೋಯಿತು. ನನ್ನ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತು ಪಂಕ್ಚರ್ ಹಾಕಿದಳು. ಅಷ್ಟರಲ್ಲಿ ಎಲ್ಲರೂ ದಾಟಿಹೋದರು. ಅವಳು ಅಳಲಿಲ್ಲ. "ಮುಂದಿನ ಸಲ ಇಲ್ಲಿ ಕೂರಲ್ಲ, ಹೆತ್ತೆ" ಅಂದಳು. ನಮ್ಮ ಕಡೆ ಅಜ್ಜಿಗೆ ಹಾಗೇ ಕರೆಯೋದು.

ಮಾರನೇ ವರ್ಷ ಟ್ಯೂಬೇ ಇಲ್ಲದ ಟೈರು ತಂದಳು, ಎರಡು ಥರ. ಒಳಗೆ ಹಾಲು ಹಾಕ್ತೀನಿ ಅಂದಳು. ನಾನು ಒಂದು ಚೊಂಬು ಎಮ್ಮೆ ಹಾಲು ತಂದುಕೊಟ್ಟೆ.

"ಇದು ನನಗೆ. ಟೈರಿಂದು ಬೇರೆ" ಅಂತ ಗಟಗಟ ಕುಡಿದಳು. ಟೈರಿಂದು ಬಾಟಲಿಯಲ್ಲಿ ಬರೋ ಬಿಳಿ ಅಂಟು. ತೂತು ಬಿದ್ದರೆ ಒಳಗಿಂದಲೇ ಮುಚ್ಚುತ್ತದಂತೆ.

ಅವಳ ಗಂಡ ತೆಳ್ಳಗಿನದು ಹಾಕು ಅಂದ. "ದಪ್ಪದ್ದು ಎಮ್ಮೆ ಥರ ಭಾರ."

"ಎಮ್ಮೆ ಈ ಬೆಟ್ಟ ಹತ್ತಲ್ವಾ?"

ನನ್ನ ಬೇಲಿಯ ಮುಳ್ಳನ್ನೂ ಚೂಪುಗಲ್ಲನ್ನೂ ದಾರಿಗೆ ಹರಡಿ, ಎರಡು ಟೈರನ್ನೂ ಹಾಕಿ ಓಡಿಸಿದಳು. ಮುಳ್ಳಿನ ತೂತು ಎರಡರಲ್ಲೂ ಮುಚ್ಚಿತು. ಕಲ್ಲು ಮಾತ್ರ ತೆಳ್ಳಗಿನದರ ಪಕ್ಕೆ ಸೀಳಿ ಹಾಲೆಲ್ಲ ಚೆಲ್ಲಿತು. ಗಂಡ ತಾನೇ ದಪ್ಪದ್ದನ್ನು ಎತ್ತಿಕೊಟ್ಟ.

ರೇಸಿನ ದಿನ, ಯಾಕೋ ಇರಲಿ ಅಂತ ಸ್ಟೂಲು ಹೊರಗಿಟ್ಟೆ. ಮೈಯೆಲ್ಲ ಕೆಸರಾಗಿ ಇಳಿಜಾರಲ್ಲಿ ಬಂದಳು. "ಒಳಗಿಡಿ, ಹೆತ್ತೆ" ಅಂತ ಕೂಗಿ, ತಿರುಗಿಯೂ ನೋಡದೆ ಹೋದಳು.

ಎತ್ತಿ ಒಳಗಿಟ್ಟೆ.